ಹವಾಮಾನ ಬದಲಾವಣೆಗೆ ಹೊಂದಾಣಿಕೆ

ಭೂಮಿ ಬಿಸಿಯೇರುತ್ತಿರುವುದರಿಂದ ಈಗಾಗಲೇ ಆಗಿರುವ, ಮುಂದೆ ಆಗಲಿರುವ ಏರುಪೇರುಗಳ ನಡುವೆಯೂ ಬದುಕು ಸಾಗುವಂತೆ ಜನ ತಮ್ಮ ಬೇಸಾಯ, ನೀರು, ಮನೆ, ಊರು, ಆರೋಗ್ಯ, ಆಡಳಿತಗಳನ್ನು ಮಾರ್ಪಡಿಸಿಕೊಳ್ಳುವುದಕ್ಕೆ ಹವಾಮಾನ ಹೊಂದಾಣಿಕೆ ಎಂದು ಹೆಸರು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸುವುದನ್ನು ಕಡಿಮೆ ಮಾಡಿ ಹಸಿರುಮನೆ ಅನಿಲಗಳನ್ನು ಇಳಿಸುವುದು ಬೇರೆ ಕೆಲಸ; ಅದಕ್ಕೆ ತಗ್ಗಿಸುವಿಕೆ ಎನ್ನುತ್ತಾರೆ. ಜರ್ಮನಿಯಲ್ಲಿ ಒಂದು ಕಲ್ಲಿದ್ದಲು ಸ್ಥಾವರ ಮುಚ್ಚಿದರೆ ಅದರ ಫಲ ರಾಯಚೂರಿಗೂ ಸಲ್ಲುತ್ತದೆ. ರಾಯಚೂರಿನ ಒಂದು ಕೆರೆಯ ಹೂಳೆತ್ತಿದರೆ ಫಲ ಆ ಕೆರೆಯ ಅಚ್ಚುಕಟ್ಟಿಗೆ ಮಾತ್ರ. ಆದ್ದರಿಂದ ಹೊಂದಾಣಿಕೆಯ ಕಥೆಯನ್ನು ಊರೂರಿನ ಹೆಸರು ಹಿಡಿದೇ ಹೇಳಬೇಕಾಗುತ್ತದೆ.

1850–1900ರ ಸರಾಸರಿಗೆ ಹೋಲಿಸಿದರೆ 2011–2020ರ ದಶಕದಲ್ಲಿ ಭೂಮಿಯ ತಾಪಮಾನ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. 2024 ಅಳತೆಯ ದಾಖಲೆಗಳಲ್ಲೇ ಅತಿ ಬಿಸಿಯಾದ ವರ್ಷ; ಆ ವರ್ಷ ಏರಿಕೆ 1.5 ಡಿಗ್ರಿಯನ್ನು ದಾಟಿತು. 1901ರಿಂದ 2018ರೊಳಗೆ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಮೇಲೆ ಬಂದಿದೆ. ಹೊಗೆ ಇಂದೇ ನಿಂತರೂ ಸಮುದ್ರ ಏರುವುದು ಶತಮಾನಗಳ ಕಾಲ ನಿಲ್ಲುವುದಿಲ್ಲ. ಈ ಬದಲಾವಣೆಗಳ ಪೆಟ್ಟಿಗೆ ಸುಲಭವಾಗಿ ಸಿಗುವ ಸ್ಥಿತಿಯಲ್ಲಿ 330ರಿಂದ 360 ಕೋಟಿ ಜನ ಬದುಕುತ್ತಿದ್ದಾರೆಂದು ವಿಶ್ವಸಂಸ್ಥೆಯ ಅಂತರ-ಸರ್ಕಾರಿ ಹವಾಮಾನ ಸಮಿತಿ 2022ರ ವರದಿಯಲ್ಲಿ ಹೇಳಿತು.

ಹೊಂದಾಣಿಕೆ ಎಂದ ಕೂಡಲೇ ಕಣ್ಣಿಗೆ ಬರುವುದು ತಡೆಗೋಡೆ, ಅಣೆಕಟ್ಟು, ಹೊಸ ತಳಿ, ಯಂತ್ರ. ಇವೆಲ್ಲ ಬೇಕು. ಆದರೆ ಗೆದ್ದ ಪ್ರಯತ್ನಗಳನ್ನು ಹತ್ತಿರದಿಂದ ನೋಡಿದರೆ ಪ್ರತಿಯೊಂದರ ಹಿಂದೆಯೂ ಕಟ್ಟಿದ್ದನ್ನು ದಿನದಿನವೂ ನೋಡಿಕೊಳ್ಳುವ ಜನ ಇರುತ್ತಾರೆ. ಸೋತ ಕಡೆಗಳಲ್ಲಿ ಸಾಮಾನ್ಯವಾಗಿ ಅವರೇ ಇರುವುದಿಲ್ಲ.

ನೀರಗಂಟಿಯ ಕೆಲಸ

ಮಳೆಯ ಚಂಚಲತೆಗೆ ಒಗ್ಗಿಕೊಳ್ಳುವುದು ಮನುಷ್ಯನಿಗೆ ಹೊಸತಲ್ಲ. ಕರ್ನಾಟಕದ ಒಣಸೀಮೆಯಲ್ಲಿ ಅದಕ್ಕೆ ಕಂಡುಕೊಂಡ ದಾರಿ ಕೆರೆ. ರಾಜ್ಯದಲ್ಲಿ ಸುಮಾರು 36,000 ಕೆರೆಗಳಿವೆ ಎಂದು ಲೆಕ್ಕ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಅವು ಸರಪಳಿಯಾಗಿ ಹಬ್ಬಿವೆ. ಮೇಲಿನ ಕೆರೆಯ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಒಂದೇ ರಚನೆ ಬರಕ್ಕೂ ಆಸರೆ, ನೆರೆಗೂ ತಡೆ.

ಕೆರೆಯನ್ನು ಜೀವಂತವಾಗಿ ಇಟ್ಟವನು ನೀರಗಂಟಿ. ತೂಬು ಎಂದು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಏರಿಯಲ್ಲಿ ಎಲ್ಲಿ ಬಿಲ ಬಿದ್ದಿದೆ ಎಂಬುದೆಲ್ಲ ಅವನ ಜವಾಬ್ದಾರಿ. ಕೂಲಿ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಸಲ್ಲುತ್ತಿತ್ತು. ಕೆರೆ ಅರ್ಧವೇ ತುಂಬಿದ ವರ್ಷ ಊರವರು ಕೂತು ಅಚ್ಚುಕಟ್ಟಿನ ಯಾವ ಭಾಗಕ್ಕೆ ಮಾತ್ರ ನೀರು ಎಂದು ತೀರ್ಮಾನಿಸುತ್ತಿದ್ದರು. ಅದನ್ನು ಮುಖ ನೋಡದೆ ನಡೆಸಿಕೊಡುವುದು ನೀರಗಂಟಿಯ ಧರ್ಮ. ಇಂದಿನ ಯೋಜನಾ ವರದಿಗಳು ಬರ ನಿರ್ವಹಣೆ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ಈ ವ್ಯವಸ್ಥೆಯಲ್ಲಿ ಜಾತಿಯ ಏಣಿಯೂ ಇತ್ತು, ಅಚ್ಚುಕಟ್ಟಿನ ಬಾಲದಲ್ಲಿ ಜಮೀನಿದ್ದವನಿಗೆ ನೀರು ಕೊನೆಗೇ ಸಿಗುತ್ತಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕೆರೆಗಳು ಇಲಾಖೆಗಳ ಪಾಲಾಗಿ, ಹೊಲಹೊಲಕ್ಕೆ ಕೊಳವೆಬಾವಿ ಬಂದ ಮೇಲೆ ಊರಿಗೆ ಕೆರೆಯ ಹಂಗು ತಪ್ಪಿತು. ನೀರಗಂಟಿ ಮರೆಯಾದ, ಹೂಳು ತುಂಬಿತು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆ ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಲು ಹೊರಟಿದ್ದು ಕಳೆದುಹೋದ ಈ ಕೊಂಡಿಯನ್ನು ಮತ್ತೆ ಬೆಸೆಯಲೆಂದೇ.

ಹಳೆಯ ಅನುಭವವೊಂದೇ ಈಗ ಸಾಲದು. ಭರಣಿ, ರೋಹಿಣಿ, ಆರಿದ್ರ ಎಂದು ಮಳೆನಕ್ಷತ್ರ ಎಣಿಸಿ ಬಿತ್ತುತ್ತಿದ್ದ ರೈತನ ಲೆಕ್ಕ ಹಿಂದಿನ ಮಳೆಗಾಲಗಳನ್ನು ನಂಬಿದ್ದು. ಮಧ್ಯಭಾರತದ ಪಟ್ಟಿಯಲ್ಲಿ ಅತಿ ಜೋರು ಮಳೆಯ ಪ್ರಸಂಗಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ. ಅವುಗಳ ನಡುವಿನ ಒಣ ದಿನಗಳೂ ಉದ್ದವಾಗಿವೆ. ಕರ್ನಾಟಕದಲ್ಲಿ 2018ರಲ್ಲಿ ಕೊಡಗಿನ ಗುಡ್ಡಗಳು ಜರಿದವು, 2019ರಲ್ಲಿ ಕೃಷ್ಣಾ ತೀರ ಮುಳುಗಿತು, 2023ರಲ್ಲಿ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು.

ಮುನ್ಸೂಚನೆ ಯಾರಿಗೆ ತಲುಪಬೇಕು

ಹೊಂದಾಣಿಕೆಯಲ್ಲಿ ಅತಿ ಹೆಚ್ಚು ಜೀವ ಉಳಿಸಿದ್ದು ಮುನ್ಸೂಚನೆ. ಅದರ ಪಾಠ ಬಂಗಾಳ ಕೊಲ್ಲಿಯಲ್ಲಿದೆ. 1970ರ ನವೆಂಬರಿನಲ್ಲಿ ಇಂದಿನ ಬಾಂಗ್ಲಾದೇಶದ ತೀರಕ್ಕೆ ಅಪ್ಪಳಿಸಿದ ಭೋಲಾ ಚಂಡಮಾರುತದಲ್ಲಿ ಮೂರರಿಂದ ಐದು ಲಕ್ಷ ಜನ ಸತ್ತರು. ಹೊಸ ದೇಶ ಹುಟ್ಟಿದ ಮರುವರ್ಷವೇ, 1972ರಲ್ಲಿ, ಸರ್ಕಾರ ಮತ್ತು ರೆಡ್ ಕ್ರಾಸ್ ಸೇರಿ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ ಕಟ್ಟಿದವು. ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರು; ಕೈಯಲ್ಲಿ ಧ್ವನಿವರ್ಧಕ, ಸೈರನ್, ಬಾವುಟ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಆಶ್ರಯ ಕಟ್ಟಡಗಳು ಮಿಕ್ಕ ದಿನಗಳಲ್ಲಿ ಶಾಲೆಗಳು.

ಆದರೂ 1991ರ ಚಂಡಮಾರುತದಲ್ಲಿ ಸುಮಾರು 1.38 ಲಕ್ಷ ಜನ ತೀರಿಕೊಂಡರು. ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರು ಎಷ್ಟೋ ಹೆಚ್ಚು. ಎಚ್ಚರಿಕೆಯ ಮಾತು ಸಂತೆಯಲ್ಲಿ, ಮಸೀದಿಯ ಮುಂದೆ, ಗಂಡಸರ ಕಿವಿಗೆ ಬಿದ್ದಿತ್ತು. ಹೆಂಗಸರು ಮನೆಯಲ್ಲಿ ಮಕ್ಕಳನ್ನು ಹಿಡಿದು, ಗಂಡ ಬರಲೆಂದು ಕಾದರು. ಗಂಡಸರೇ ತುಂಬಿರುವ ಆಶ್ರಯತಾಣಕ್ಕೆ ಹೋಗಲು ಸಂಕೋಚ; ನೀರಿಗೆ ಬಿದ್ದರೆ ಈಜು ಬಾರದು, ಮೈಗೆ ಸುತ್ತಿದ ಸೀರೆಯೇ ಉರುಳು. ಎಚ್ಚರಿಕೆ ಇತ್ತು, ಅದು ತಲುಪಬೇಕಾದ ಮನೆಯೊಳಕ್ಕೆ ತಲುಪಲಿಲ್ಲ. ಆಮೇಲೆ ಹೆಂಗಸರಿಗೆ ಬೇರೆ ಕೋಣೆ, ದನಕರುಗಳಿಗೆ ಜಾಗ ಬಂದವು. ಕಾರ್ಯಕ್ರಮದ 70,000ಕ್ಕೂ ಮಿಕ್ಕ ಸ್ವಯಂಸೇವಕರಲ್ಲಿ ಇಂದು ಅರ್ಧದಷ್ಟು ಮಹಿಳೆಯರು. 2007ರ ಸಿದ್ರ್ ಚಂಡಮಾರುತ ಅಷ್ಟೇ ಭೀಕರವಾಗಿದ್ದರೂ ಸತ್ತವರು ಸುಮಾರು 3,400. ಚಿಕ್ಕ ಸಂಖ್ಯೆಯಲ್ಲ. ಆದರೆ 1970ರ ಪಕ್ಕದಲ್ಲಿ ಇಟ್ಟು ನೋಡಿದಾಗ ಇಂಥದ್ದೊಂದು ಸಾಧನೆಯನ್ನು ಬಡ ದೇಶವೊಂದು ಮಾಡಿ ತೋರಿಸಿತಲ್ಲ ಎಂದು ಮನಸ್ಸು ತುಂಬಿ ಬರುತ್ತದೆ.

ಒಡಿಶಾ ಇದೇ ದಾರಿಯಲ್ಲಿ ನಡೆಯಿತು. 1999ರ ಮಹಾಚಂಡಮಾರುತದಲ್ಲಿ ಸುಮಾರು 10,000 ಜನರನ್ನು ಕಳೆದುಕೊಂಡ ರಾಜ್ಯ ವಿಪತ್ತು ನಿರ್ವಹಣೆಗೆಂದೇ ಪ್ರಾಧಿಕಾರ ರಚಿಸಿತು. 2019ರ ಮೇ ತಿಂಗಳಲ್ಲಿ ಫಾನಿ ಬಂದಾಗ ಸುಮಾರು 12 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಯಿತು. ರಾಜ್ಯದಲ್ಲಿ ಸತ್ತವರು 64.

ಬರಕ್ಕೆ ಸೈರನ್ ಇಲ್ಲ. ಅದು ಸದ್ದಿಲ್ಲದೆ ಬರುತ್ತದೆ. ಅದನ್ನು ಹಿಡಿಯಲು ಕರ್ನಾಟಕ 1988ರಲ್ಲೇ ಬರ ನಿಗಾ ಘಟಕವೊಂದನ್ನು ತೆರೆಯಿತು. ದೇಶದಲ್ಲಿ ಮೊದಲನೆಯದಾದ ಈ ಘಟಕ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಳಿದ ಸ್ವಯಂಚಾಲಿತ ಮಳೆಮಾಪಕಗಳು, ರೈತ ಕರೆ ಮಾಡಿ ತನ್ನೂರ ಮಳೆಯ ಸೂಚನೆ ಕೇಳಬಹುದಾದ ವರುಣಮಿತ್ರ ಸಹಾಯವಾಣಿ ಅದರ ಕೊಡುಗೆ. ಜಿಲ್ಲೆಗೊಂದು ಮುನ್ಸೂಚನೆಯಿಂದ ರೈತನಿಗೆ ಹೆಚ್ಚು ಪ್ರಯೋಜನವಿಲ್ಲ. ಪಕ್ಕದೂರಲ್ಲಿ ಸುರಿದ ಮಳೆ ತನ್ನ ಹೊಲಕ್ಕೆ ಬಾರದಿರುವುದನ್ನು ಅವನು ಎಷ್ಟೋ ಸಲ ಕಂಡಿದ್ದಾನೆ.

ಬಿಸಿಲು

ನೆರೆ, ಬಿರುಗಾಳಿಗಳಂತೆ ಬಿಸಿಲಿನ ಸಾವು ಕಣ್ಣಿಗೆ ಬೀಳುವುದಿಲ್ಲ. ಕಾಗದದಲ್ಲಿ ಅದು ಹೃದಯಾಘಾತವೋ ಮೂತ್ರಪಿಂಡ ವೈಫಲ್ಯವೋ ಆಗಿರುತ್ತದೆ. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ 70,000ಕ್ಕೂ ಹೆಚ್ಚು ಜನ ಹೀಗೆ ಸತ್ತರು. ಬಹುಪಾಲು ಮುದುಕರು; ಎಷ್ಟೋ ಮಂದಿ ಒಂಟಿಯಾಗಿದ್ದವರು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪಮಾನ 46.8 ಡಿಗ್ರಿ ಮುಟ್ಟಿತು. ಮಾಮೂಲಿ ಮೇ ತಿಂಗಳುಗಳಿಗೆ ಹೋಲಿಸಿದರೆ ಆ ಒಂದೇ ತಿಂಗಳಲ್ಲಿ 1,344 ಸಾವು ಹೆಚ್ಚಾಗಿದ್ದವು.

2013ರಲ್ಲಿ ಆ ನಗರ ದಕ್ಷಿಣ ಏಷ್ಯಾದ ಮೊದಲ ಬಿಸಿಲು ಕ್ರಿಯಾಯೋಜನೆಯನ್ನು ಜಾರಿಗೆ ತಂದಿತು. ಅದರಲ್ಲಿ ದುಬಾರಿಯಾದದ್ದು ಏನೂ ಇಲ್ಲ. ಕೆಲವು ದಿನ ಮೊದಲೇ ಬಣ್ಣದ ಸಂಕೇತದಲ್ಲಿ ಎಚ್ಚರಿಕೆ, ಬೀದಿಯಲ್ಲಿ ಕುಡಿಯುವ ನೀರು, ಬಿಸಿಲಪೆಟ್ಟು ಗುರುತಿಸಲು ವೈದ್ಯರಿಗೂ ದಾದಿಯರಿಗೂ ತರಬೇತಿ, ಮಧ್ಯಾಹ್ನ ಉದ್ಯಾನಗಳ ಬಾಗಿಲು ತೆರೆದಿಡುವುದು. ಕೊಳೆಗೇರಿಯ ತಗಡಿನ ಮಾಡುಗಳಿಗೆ ಬಿಳಿ ಸುಣ್ಣ ಬಳಿದದ್ದು ಇದರ ಮುಂದುವರಿಕೆ: ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುವುದರಿಂದ ಒಳಗೆ ಕೆಲವು ಡಿಗ್ರಿ ತಂಪು. ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಾವು ಈ ಕ್ರಿಯಾಯೋಜನೆಯಿಂದ ತಪ್ಪಿದೆ ಎಂದು ಸಂಶೋಧಕರ ಅಂದಾಜು.

ಕರ್ನಾಟಕದಲ್ಲಿ ಇಂಥದ್ದೊಂದು ಹೊಂದಾಣಿಕೆ ಎಷ್ಟು ಹಳೆಯದೆಂದರೆ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ. ಕಲಬುರಗಿ ಸೀಮೆಯ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಉದ್ಯೋಗ ಖಾತರಿ ಕೂಲಿಯವರಿಗೂ ಆ ತಿಂಗಳುಗಳಲ್ಲಿ ಕೆಲಸದ ಪ್ರಮಾಣದಲ್ಲಿ ರಿಯಾಯಿತಿಯುಂಟು. ಇಟ್ಟಿಗೆ ಭಟ್ಟಿಯಲ್ಲಿ, ಕಟ್ಟಡದ ಮೇಲೆ, ತಳ್ಳುಗಾಡಿಯ ಹಿಂದೆ ನಿಂತವರಿಗೆ ಆ ವೇಳಾಪಟ್ಟಿ ಇಲ್ಲ, ಮತ್ತು ಬಿಸಿಲು ಹೆಚ್ಚು ಕೊಲ್ಲುವುದು ಅವರನ್ನೇ.

ನದಿಗೆ ಜಾಗ

ದೇಶದ ಕಾಲುಭಾಗಕ್ಕೂ ಹೆಚ್ಚು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿರುವ ನೆದರ್ಲೆಂಡ್ಸ್‌ನಲ್ಲಿ ನೀರನ್ನು ನೋಡಿಕೊಳ್ಳಲೆಂದೇ ಚುನಾಯಿತ ಮಂಡಳಿಗಳಿವೆ. 13ನೇ ಶತಮಾನದಿಂದ ಬಂದ ಈ ಜಲಮಂಡಳಿಗಳು ಈಗ 21. ತಾವೇ ತೆರಿಗೆ ಹಾಕುತ್ತವೆ, ಏರಿಗಳನ್ನು ಕಾಯುತ್ತವೆ. ಸರ್ಕಾರಗಳು ಬದಲಾದರೂ ಏರಿಯ ದುರಸ್ತಿ ನಿಲ್ಲದಿರುವ ಗುಟ್ಟು ಇದರಲ್ಲಿದೆ. 1953ರ ಫೆಬ್ರವರಿ 1ರ ನಸುಕಿನಲ್ಲಿ ಉತ್ತರ ಸಮುದ್ರ ಉಕ್ಕಿ ಏರಿಗಳು ಒಡೆದು 1,836 ಜನ ಸತ್ತ ಮೇಲೆ ದೇಶ ಡೆಲ್ಟಾ ಕಾಮಗಾರಿಗಳನ್ನು ಕೈಗೆತ್ತಿಕೊಂಡಿತು. 1997ರಲ್ಲಿ ರಾಟರ್‌ಡ್ಯಾಂ ಬಳಿ ಮುಗಿದ ಮೆಸ್ಲಾಂಟ್ ತಡೆಯ ಎರಡು ದೈತ್ಯ ಬಾಗಿಲುಗಳು ಚಂಡಮಾರುತ ಬಂದಾಗ ತಾವೇ ಮುಚ್ಚಿಕೊಳ್ಳುತ್ತವೆ.

ಇದಕ್ಕಿಂತ ದೊಡ್ಡ ತಿರುವು ಬಂದದ್ದು ನದಿಗಳ ವಿಷಯದಲ್ಲಿ. 1995ರಲ್ಲಿ ರೈನ್, ಮ್ಯೂಸ್ ನದಿಗಳು ಉಕ್ಕಿ ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಏರಿಯನ್ನು ಇನ್ನೂ ಎತ್ತರಿಸುವ ಹಳೆಯ ದಾರಿಯನ್ನು ಬಿಟ್ಟು, 30ಕ್ಕೂ ಹೆಚ್ಚು ಕಡೆ ನದಿಗೇ ಜಾಗ ಬಿಟ್ಟುಕೊಡುವ ಯೋಜನೆ ಹೊರಟಿತು. ಓವರ್‌ಡೀಪ್ ಎಂಬಲ್ಲಿ ರೈತರು ತಾವೇ ಮುಂದೆ ಬಂದು, ಏರಿ ತಗ್ಗಿಸಿ, ನಾವು ದಿಬ್ಬಗಳ ಮೇಲೆ ಮನೆ ಕೊಟ್ಟಿಗೆ ಕಟ್ಟಿಕೊಳ್ಳುತ್ತೇವೆ ಎಂದರು. ನೆರೆ ಬಂದ ವರ್ಷ ಹುಲ್ಲುಗಾವಲು ಮುಳುಗುತ್ತದೆ, ಕೆಳಗಿನ ಪಟ್ಟಣ ಉಳಿಯುತ್ತದೆ. ಸರ್ಕಾರ ನಕ್ಷೆ ಬರೆದು ತಂದಿದ್ದರೆ ಅದೇ ರೈತರು ಮೊಕದ್ದಮೆ ಹೂಡುತ್ತಿದ್ದರೇನೋ.

ಹೊಲ

ಪ್ರವಾಹದಲ್ಲಿ ಮುಳುಗಿದ ಸಾಮಾನ್ಯ ಭತ್ತ ತಲೆಯೆತ್ತಲು ಹೆಣಗಿ, ಇದ್ದ ಸಕ್ಕರೆಯನ್ನೆಲ್ಲ ಖರ್ಚು ಮಾಡಿ ಸಾಯುತ್ತದೆ. ಒಡಿಶಾದ ಎಫ್‌ಆರ್ 13ಎ ಎಂಬ ನಾಟಿ ತಳಿ ಹಾಗಲ್ಲ. ಅದು ನೀರೊಳಗೆ ಬೆಳವಣಿಗೆ ನಿಲ್ಲಿಸಿ, ಉಸಿರು ಬಿಗಿಹಿಡಿದಂತೆ ಕಾದಿದ್ದು, ನೀರಿಳಿದ ಮೇಲೆ ಚಿಗುರುತ್ತದೆ. ಆ ಗುಣದ ವಂಶವಾಹಿಯನ್ನು ಜನಪ್ರಿಯ ಸ್ವರ್ಣಾ ತಳಿಗೆ ಸೇರಿಸಿ 2009ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿದ ಸ್ವರ್ಣಾ-ಸಬ್1 ಸುಮಾರು ಎರಡು ವಾರ ಮುಳುಗಿದ್ದರೂ ಬದುಕುತ್ತದೆ. ವಿಜ್ಞಾನದ ಗೆಲುವು ನಿಜ. ಆದರೆ ಕಾಲದಿಂದ ಕಾಲಕ್ಕೆ ಆ ಬೀಜ ಉಳಿಸಿಕೊಂಡು ಬಂದ ರೈತರಿಲ್ಲದಿದ್ದರೆ ವಿಜ್ಞಾನಿಗೆ ಹುಡುಕಲು ಏನೂ ಇರುತ್ತಿರಲಿಲ್ಲ.

ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಇಂಥದೇ ಸಂಪತ್ತು ಕಗ್ಗ ಭತ್ತ. ಕುಮಟಾ ಸುತ್ತಲಿನ ಗಜನಿ ಭೂಮಿಯಲ್ಲಿ ಸಮುದ್ರದ ಉಪ್ಪುನೀರು ಹೊಕ್ಕರೂ ಅದು ತಾಳುತ್ತದೆ, ನೆರೆಗೂ ತಡೆಯುತ್ತದೆ. ಮಳೆಗಾಲದಲ್ಲಿ ಭತ್ತ, ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಟ್ಟರೆ ಆಮೇಲೆ ಒಳಬಿಟ್ಟ ಉಪ್ಪುನೀರಿನಲ್ಲಿ ಮೀನು, ಸೀಗಡಿಗೆ ಮೇವು. ಸಮುದ್ರ ಏರುತ್ತಿರುವ ಕಾಲಕ್ಕೆ ಇದಕ್ಕಿಂತ ತಕ್ಕ ಬೇಸಾಯ ಕರಾವಳಿಯಲ್ಲಿ ಇನ್ನಾವುದಿದೆ? ಆದರೆ ಸೀಗಡಿ ಗುತ್ತಿಗೆಯ ಹಣ ಬಂದ ಮೇಲೆ ಒಡ್ಡುಗಳ ನಿಗಾ ತಪ್ಪಿತು, ಎಷ್ಟೋ ಗಜನಿಗಳಲ್ಲಿ ಕಗ್ಗ ಬಿತ್ತುವುದೇ ನಿಂತಿತು. ಗಜನಿಯ ಒಡ್ಡು ಒಬ್ಬನ ಹೊಲದ ಬದುವಲ್ಲ. ಎಲ್ಲರೂ ಸೇರಿ ಕಟ್ಟದಿದ್ದರೆ ಯಾರ ಗದ್ದೆಯೂ ಉಳಿಯದು.

ಹಳೆ ಮೈಸೂರು ಸೀಮೆಯ ಅಕ್ಕಡಿ ಸಾಲು ಇನ್ನೊಂದು ಬುದ್ಧಿ: ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು. ಮಳೆ ಯಾವ ತಿಂಗಳು ಕೈಕೊಟ್ಟರೂ ಒಂದಲ್ಲ ಒಂದು ಕಾಳು ಮನೆಗೆ ಬರುತ್ತದೆ. ಆಫ್ರಿಕದ ಬುರ್ಕಿನಾ ಫಾಸೊದಲ್ಲಿ 1980ರ ದಶಕದ ಬರಗಳ ನಡುವೆ ಯಾಕೂಬಾ ಸವಡೋಗೊ ಎಂಬ ರೈತ ಗಟ್ಟಿನೆಲದಲ್ಲಿ ಗುಣಿ ತೋಡಿ ಗೊಬ್ಬರ ತುಂಬುವ ‘ಜಾಯ್’ ಎಂಬ ಹಳೆಯ ಪದ್ಧತಿಯನ್ನು ಸುಧಾರಿಸಿದ. ಗೊಬ್ಬರಕ್ಕೆ ಬಂದ ಗೆದ್ದಲು ನೆಲ ಕೊರೆದು ಸಡಿಲಿಸಿತು, ಮೊದಲ ಮಳೆ ಗುಣಿಯಲ್ಲೇ ಇಂಗಿತು, ಜೋಳದ ಜೊತೆ ಮರಗಳೂ ಎದ್ದವು. ಅವನ ನೆರೆಯವರು ಮೊದಲು ಅವನಿಗೆ ಹುಚ್ಚು ಎಂದಿದ್ದರು.

ನಗರ

ಬೆಂಗಳೂರಿಗೆ ತನ್ನದೇ ಆದ ದೊಡ್ಡ ನದಿಯಿಲ್ಲ. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತರಬೇಕು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿತು, 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಸರದಿ ನಿಲ್ಲಬೇಕಾಯಿತು. ಎರಡಕ್ಕೂ ಬೇರು ಒಂದೇ. ಮಳೆನೀರು ನಿಲ್ಲುವ ಕೆರೆ, ಹರಿಯುವ ರಾಜಕಾಲುವೆ, ಇಂಗುವ ಮಣ್ಣು ಮೂರೂ ಒತ್ತುವರಿಯಾಗಿವೆ. 2009ರಿಂದ ದೊಡ್ಡ ನಿವೇಶನಗಳಿಗೆ ಮಳೆಕೊಯ್ಲು ಕಡ್ಡಾಯ. ತಲೆತಲಾಂತರದಿಂದ ಬಾವಿ ತೋಡಿಕೊಂಡು ಬಂದ ಮಣ್ಣುವಡ್ಡರಿಗೆ ಇಂಗುಬಾವಿಗಳಿಂದ ಮತ್ತೆ ಕೆಲಸ ಸಿಕ್ಕಿರುವುದು ಈ ನಿರಾಸೆಯ ಕಥೆಯಲ್ಲಿ ಮನಸ್ಸಿಗೆ ಹಿತವಾಗುವ ಸಂಗತಿ.

ಬೆಂಗಳೂರಿನ ಸಂಸ್ಕರಿತ ಕೊಳಚೆನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ದಿನಕ್ಕೆ 44 ಕೋಟಿ ಲೀಟರ್ ಗುರಿ, 120ಕ್ಕೂ ಹೆಚ್ಚು ಕೆರೆಗಳು. ಸಾವಿರ ಅಡಿ ಕೊರೆದರೂ ನೀರು ಕಾಣದಿದ್ದ ಸೀಮೆಯಲ್ಲಿ ಬತ್ತಿದ ಬಾವಿಗಳು ತುಂಬಿದವು. ಆದರೆ ನೀರನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧಿ ಮಾಡಲಾಗುತ್ತಿದೆ. ಮೊದಲ ದಿನಗಳಲ್ಲೇ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ನ್ಯಾಯಾಲಯ ಮುಟ್ಟಿತು. ನಗರ ಬಳಸಿ ಬಿಟ್ಟ ನೀರನ್ನು ಹಳ್ಳಿ ಪಡೆಯುವುದಾದರೆ ಅದನ್ನು ಮೂರನೇ ಹಂತಕ್ಕೂ ಶುದ್ಧಿ ಮಾಡಿ ಕೊಡಿ ಎಂಬ ಕೋಲಾರದವರ ಬೇಡಿಕೆ ನ್ಯಾಯವಾದದ್ದು.

ಹಾನಿ ತರುವ ಹೊಂದಾಣಿಕೆ

ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ತಂದುಕೊಳ್ಳುವುದೂ ಉಂಟು. ಬರಕ್ಕೆ ಉತ್ತರವಾಗಿ ಬಂದ ಕೊಳವೆಬಾವಿಯ ಪೈಪೋಟಿ ರೈತನನ್ನು ಸಾಲಕ್ಕೆ, ಅಂತರ್ಜಲವನ್ನು ಪಾತಾಳಕ್ಕೆ ಇಳಿಸಿತು. ಕಡಲ್ಕೊರೆತಕ್ಕೆ ಒಂದು ಕಡೆ ಕಲ್ಲು ಸುರಿದರೆ ಅಲೆ ಪಕ್ಕದ ದಂಡೆಯನ್ನು ಕೊರೆಯುತ್ತದೆ. ಉಳ್ಳಾಲದ ಮೀನುಗಾರರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಬಾಂಗ್ಲಾದೇಶದ ನೈಋತ್ಯದಲ್ಲಿ 1960ರ ದಶಕದಿಂದ ಮಣ್ಣಿನ ಏರಿ ಸುತ್ತಿ ತಗ್ಗುಭೂಮಿಯನ್ನು ರಕ್ಷಿಸಲಾಯಿತು. ಉಬ್ಬರದ ನೀರು ತರುತ್ತಿದ್ದ ಮೆಕ್ಕಲು ಹೊಲಕ್ಕೆ ಬೀಳದೆ ನದಿಯಲ್ಲೇ ಕೂತಿತು. ನದಿತಳ ಏರಿತು, ಒಳಗಿನ ನೆಲ ತಗ್ಗಾಯಿತು, ಮಳೆನೀರು ಹೊರಹೋಗದೆ ವರ್ಷಗಟ್ಟಲೆ ನಿಂತಿತು. 1990ರಲ್ಲಿ ಬಿಲ್ ಡಾಕಾತಿಯಾದ ಜನ ತಾಳಲಾರದೆ ಏರಿಯನ್ನು ತಾವೇ ಕಡಿದರು. ಉಬ್ಬರ ಒಳಬಂದು ಮೆಕ್ಕಲು ಹಾಸಿತು, ನೆಲ ಏರತೊಡಗಿತು. ಜನ ಕೈಯಾರೆ ಮಾಡಿ ತೋರಿಸಿದ್ದನ್ನು ಸರ್ಕಾರ ಆಮೇಲೆ ಉಬ್ಬರ ನದಿ ನಿರ್ವಹಣೆ ಎಂಬ ಹೆಸರಿನಲ್ಲಿ ಒಪ್ಪಿಕೊಂಡಿತು.

ಹಣ

ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಹೊಂದಾಣಿಕೆ ಬಹುಕಾಲ ಹಿಂದಿನ ಸಾಲಿನಲ್ಲೇ ಇತ್ತು. 1992ರ ರಿಯೊ ಒಡಂಬಡಿಕೆಯಲ್ಲಿ ಅದರ ಉಲ್ಲೇಖವಿದೆ. 2015ರ ಪ್ಯಾರಿಸ್ ಒಪ್ಪಂದದ 7ನೇ ವಿಧಿ ಅದಕ್ಕೊಂದು ಜಾಗತಿಕ ಗುರಿ ಇಟ್ಟಿತು. ಹೊಂದಿಕೊಳ್ಳಲಾಗದ ನಷ್ಟಕ್ಕೆ ಪರಿಹಾರ ನಿಧಿ ಸ್ಥಾಪಿಸಲು 2022ರ ಶರ್ಮ್ ಎಲ್ ಶೇಖ್ ಸಮಾವೇಶದವರೆಗೆ ಕಾಯಬೇಕಾಯಿತು. ಅಭಿವೃದ್ಧಿಶೀಲ ದೇಶಗಳಿಗೆ ಹೊಂದಾಣಿಕೆಗೆ ಬೇಕಾದದ್ದು ಹೊರದೇಶಗಳ ಸಾರ್ವಜನಿಕ ಹಣವಾಗಿ ಸಿಗುತ್ತಿರುವುದರ 10ರಿಂದ 18 ಪಟ್ಟು ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2023ರಲ್ಲಿ ಲೆಕ್ಕ ಹಾಕಿತು. ಸೌರ ವಿದ್ಯುತ್ತಿನಲ್ಲಿ ಹಾಕಿದ ಬಂಡವಾಳ ಲಾಭ ತರುತ್ತದೆ. ಹೂಳೆತ್ತಿದ ಕೆರೆ, ಸುಣ್ಣ ಬಳಿದ ಮಾಡು ಹೂಡಿಕೆದಾರನಿಗೆ ಏನೂ ಕೊಡವು. ಆದ್ದರಿಂದ ಇದು ಸಾರ್ವಜನಿಕ ಹಣದಿಂದಲೇ ಆಗಬೇಕಾದ ಕೆಲಸ. ಭಾರತದಲ್ಲಿ 2008ರ ರಾಷ್ಟ್ರೀಯ ಕ್ರಿಯಾಯೋಜನೆ, ಅದರ ಹಿಂದೆ ಬಂದ ರಾಜ್ಯ ಯೋಜನೆಗಳು ದಾರಿ ತೋರಿವೆಯಾದರೂ ಪಂಚಾಯಿತಿಯ ಕೈಗೆ ತಲುಪುವ ಹಣ ಕಡಿಮೆ. 2023ರ ಬರ ಪರಿಹಾರಕ್ಕೆ ಕರ್ನಾಟಕ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಮಿತಿ

ಎಲ್ಲದಕ್ಕೂ ಹೊಂದಿಕೊಳ್ಳಲು ಆಗುವುದಿಲ್ಲ. ಹವಳದ ದಿಬ್ಬಗಳು ಬಿಸಿನೀರಿಗೆ ಒಗ್ಗಿಕೊಳ್ಳುವ ವೇಗಕ್ಕಿಂತ ಕಡಲು ಬೇಗ ಕಾಯುತ್ತಿದೆ. ಕೆಲವು ಊರುಗಳಿಗೆ ಉಳಿದಿರುವುದು ಎದ್ದು ಹೋಗುವುದೊಂದೇ. ಫಿಜಿಯ ವುನಿಡೊಗೊಲೊವಾ ಹಳ್ಳಿ 2014ರಲ್ಲಿ ಗುಡ್ಡದ ಮೇಲೆ ಹೋಯಿತು. ಪನಾಮಾದ ಗಾರ್ಡಿ ಸುಗ್ಡುಬ್ ದ್ವೀಪದ ಸುಮಾರು 300 ಕುಟುಂಬಗಳಿಗೆ 2024ರಲ್ಲಿ ಮುಖ್ಯಭೂಮಿಯಲ್ಲಿ ಮನೆ ಸಿಕ್ಕಿತು.

ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಸತಭಾಯ ಏಳು ಹಳ್ಳಿಗಳ ಗುಂಪಾಗಿತ್ತು. ಒಂದೊಂದಾಗಿ ಅವುಗಳನ್ನು ಸಮುದ್ರ ನುಂಗಿತು. ಉಳಿದ 571 ಕುಟುಂಬಗಳಿಗೆ ಬಗಪಾಟಿಯಾ ಎಂಬಲ್ಲಿ ಸರ್ಕಾರ ನಿವೇಶನ ಕೊಟ್ಟಿತು. ಆದರೆ ಅಲ್ಲಿ ಉಳಲು ಹೊಲವಿಲ್ಲ, ಹಾಗಾಗಿ ಗಂಡಸರು ಕೂಲಿ ಹುಡುಕಿ ಕೇರಳದವರೆಗೂ ಹೋಗುತ್ತಾರೆ. ಊರಿನ ಪಂಚುಬರಾಹಿ ದೇವಿಯರ ಪೂಜೆ ಮೀನುಗಾರ ಹೆಂಗಸರದ್ದು. ಗಂಡಸರು ಆ ಮೂರ್ತಿಗಳನ್ನು ಮುಟ್ಟುವಂತಿರಲಿಲ್ಲ. 2018ರಲ್ಲಿ ಸಮುದ್ರ ಗುಡಿಯ ಬಾಗಿಲಿಗೆ ಬಂದಾಗ, ಹೆಂಗಸರಿಂದ ಎತ್ತಲಾಗದಷ್ಟು ಭಾರದ ಐದು ಕಲ್ಲಿನ ಮೂರ್ತಿಗಳನ್ನು ಗಂಡಸರೇ ಹೊತ್ತು ಹೊಸ ಊರಿಗೆ ತಂದರು. ಆಮೇಲೆ ಶುದ್ಧಿ ಮಾಡಿ, ಹೆಂಗಸರು ಪೂಜೆ ಮುಂದುವರಿಸಿದರು.